ಕುಡಿತ, ಕೇಸು, ಕ್ಲಿಯರೆನ್ಸ್: ನಮ್ಮ ಮನೆಗಳಲ್ಲಿ ಮುಚ್ಚಿಡುವ ಮಾತು

(ವರ್ಜೀನಿಯಾದಲ್ಲಿ ಕನ್ನಡ ಕುಟುಂಬಗಳು ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತು. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ತಿದ್ದಿದ್ದೇನೆ.)

ಒಂದು ಹಳೆಯ ಕೇಸಿನಿಂದ ಶುರು ಮಾಡುತ್ತೇನೆ. 1981ರ ನವೆಂಬರ್‌ನಲ್ಲಿ ಥಾಮಸ್ ಈಗನ್ ಎಂಬುವರು ಅಮೆರಿಕದ ನೌಕಾಪಡೆಯಲ್ಲಿ ಕೆಲಸಕ್ಕೆ ಸೇರಿದರು. ಸೈನಿಕರಾಗಿ ಅಲ್ಲ, ಕೂಲಿಯಾಳುಗಳ ಮೇಸ್ತ್ರಿಯಾಗಿ. ಜಾಗ ವಾಷಿಂಗ್ಟನ್ ರಾಜ್ಯದ ಬ್ರೆಮರ್ಟನ್. ಅಲ್ಲಿ ಟ್ರೈಡೆಂಟ್ ಜಲಾಂತರ್ಗಾಮಿಗಳ ರಿಪೇರಿ ನಡೆಯುತ್ತಿತ್ತು. ಅಣ್ವಸ್ತ್ರ ಹೊರುವ ಜಲಾಂತರ್ಗಾಮಿಗಳು ಅವು. ಹಾಗಾಗಿ ಅಲ್ಲಿ ಮೇಸ್ತ್ರಿಗೂ ಸೆಕ್ಯುರಿಟಿ ಕ್ಲಿಯರೆನ್ಸ್ ಬೇಕಿತ್ತು. ಅಂದರೆ, ಈ ವ್ಯಕ್ತಿಯನ್ನು ನಂಬಿ ಗುಟ್ಟಿನ ಕೆಲಸ ಕೊಡಬಹುದು ಎಂಬ ಸರ್ಕಾರದ ಒಪ್ಪಿಗೆ.

1983ರಲ್ಲಿ ನೌಕಾಪಡೆ ಅವರಿಗೆ ಕ್ಲಿಯರೆನ್ಸ್ ಇಲ್ಲ ಎಂದಿತು. ಅದರ ಹಿಂದೆಯೇ ಕೆಲಸವೂ ಹೋಯಿತು. ಹಲ್ಲೆ ಮಾಡಿದ್ದಕ್ಕೆ ಮತ್ತು ಅಕ್ರಮವಾಗಿ ಬಂದೂಕು ಇಟ್ಟುಕೊಂಡಿದ್ದಕ್ಕೆ ಅವರಿಗೆ ಹಿಂದೆ ಶಿಕ್ಷೆಯಾಗಿತ್ತು. ಅದಕ್ಕಿಂತ ಮೊದಲಿನ ಇನ್ನೆರಡು ಶಿಕ್ಷೆಗಳನ್ನು ಅವರು ಕೆಲಸದ ಅರ್ಜಿಯಲ್ಲಿ ಬರೆದಿರಲಿಲ್ಲ. ಜೊತೆಗೆ, ತನಗೆ ಹಿಂದೆ ಕುಡಿತದ ತೊಂದರೆ ಇತ್ತು, ಶಿಕ್ಷೆಯ ಕೊನೆಯ 28 ದಿನ ಕುಡಿತ ಬಿಡಿಸುವ ಕೇಂದ್ರದಲ್ಲಿದ್ದೆ ಎಂದು ಅವರೇ ಹೇಳಿಕೊಂಡಿದ್ದರು.

ಈಗನ್ ಉತ್ತರ ಕೊಟ್ಟರು. ಮಾಡಿದ್ದಕ್ಕೆ ಶಿಕ್ಷೆ ಅನುಭವಿಸಿ ಮುಗಿಸಿದ್ದೇನೆ ಎಂದರು. ಏಳು ವರ್ಷಕ್ಕಿಂತ ಹಳೆಯದನ್ನು ಬರೆಯಬೇಕು ಎಂದು ಫಾರಂ ಓದಿದಾಗ ನನಗೆ ಅನ್ನಿಸಲಿಲ್ಲ ಎಂದರು. ಮೂರು ವರ್ಷದಿಂದ ಕುಡಿತದ ತೊಂದರೆ ಇಲ್ಲ ಎಂದರು. ಮೇಲಿನವರಿಂದ ಒಳ್ಳೆಯ ಮಾತಿನ ಪತ್ರಗಳನ್ನೂ ಕೊಟ್ಟರು. ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1988ರ ಫೆಬ್ರವರಿಯಲ್ಲಿ ತೀರ್ಪು ಬಂತು. ಬರೆದವರು ಜಸ್ಟಿಸ್ ಹ್ಯಾರಿ ಬ್ಲ್ಯಾಕ್‌ಮನ್. ಕ್ಲಿಯರೆನ್ಸ್ ಯಾರ ಹಕ್ಕೂ ಅಲ್ಲ, ತಪ್ಪುವುದೇ ಆದರೆ ಕೊಡದಿರುವ ಕಡೆಗೆ ತಪ್ಪಲಿ ಎಂಬುದು ಅದರ ಸಾರ. ನೌಕರರ ಮೇಲ್ಮನವಿ ಕೇಳುವ ಮಂಡಳಿ ಈ ನಿರ್ಧಾರ ಸರಿಯೋ ತಪ್ಪೋ ಎಂದು ತೂಗುವಂತಿಲ್ಲ ಎಂದೂ ಕೋರ್ಟು ಹೇಳಿತು.

ಇದನ್ನು ಮೊದಲ ಸಲ ಓದಿದಾಗ ನನಗೆ ಸಂಕಟವಾಗಿತ್ತು. ಈಗಲೂ ಆಗುತ್ತದೆ. ಇವತ್ತು ಇದನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಕುಡಿತ, ಪೊಲೀಸ್ ಕೇಸು, ಬರೆಯದೇ ಬಿಟ್ಟದ್ದು, ಈ ಮೂರೂ ಒಬ್ಬರ ಫೈಲಿನಲ್ಲಿ ಒಟ್ಟಿಗೇ ಇದ್ದವು. ನಾನು ಒಂದು ಕಂಪನಿಯಲ್ಲಿ ಹದಿನೆಂಟು ವರ್ಷ ಸೆಕ್ಯುರಿಟಿ ಆಫೀಸರ್ ಆಗಿದ್ದೆ. ರಕ್ಷಣಾ ಇಲಾಖೆಯ ಗುತ್ತಿಗೆ ಕೆಲಸ ಮಾಡುವ ಸಣ್ಣ ಕಂಪನಿ. ಜನರ ಕ್ಲಿಯರೆನ್ಸ್ ಫಾರಂ ಪೂರ್ತಿ ತುಂಬಿದೆಯಾ ಎಂದು ನೋಡಿ ಮುಂದಕ್ಕೆ ಕಳಿಸುವುದು ನನ್ನ ಕೆಲಸವಾಗಿತ್ತು. ತೊಂದರೆಗೆ ಸಿಕ್ಕಿಕೊಂಡ ಫೈಲುಗಳಲ್ಲಿ ಈ ಮೂರು ಒಂದರ ಬೆನ್ನಿಗೆ ಒಂದು ಬರುತ್ತಿದ್ದವು.

ಇಲ್ಲಿ ಕೂತವರಲ್ಲಿ ಎಷ್ಟೋ ಮನೆಗಳ ಮಕ್ಕಳು ಈಗ ಪೆಂಟಗನ್ ಸುತ್ತಮುತ್ತಲಿನ ಕಂಪನಿಗಳಿಗೆ ಹೋಗುತ್ತಿದ್ದಾರೆ. ಸಿಟಿಜನ್ ಆದ ಮೇಲೆ ನೀವೂ ಕೆಲವರು ಹೋಗುತ್ತೀರಿ. ಫಾರಂ ಕೈಗೆ ಬಂದಾಗ ಎಲ್ಲರಿಗೂ ಚಿಂತೆ ಒಂದೇ: ಇಂಡಿಯಾದಲ್ಲಿರುವ ಅಪ್ಪ ಅಮ್ಮ, ಊರಿನ ಆಸ್ತಿ, ಓಸಿಐ ಕಾರ್ಡು. ಅವು ಮುಖ್ಯವೇ. ಅದರ ಬಗ್ಗೆ ಇನ್ನೊಂದು ದಿನ ಮಾತಾಡೋಣ. ಇವತ್ತು ಯಾರೂ ಬಾಯಿಬಿಟ್ಟು ಕೇಳದ ಪ್ರಶ್ನೆಯ ಬಗ್ಗೆ.

ಫಾರಂನ ಹೆಸರು ಎಸ್‌ಎಫ್-86. 130ಕ್ಕೂ ಹೆಚ್ಚು ಪುಟ. ಅದರಲ್ಲಿ ಸೆಕ್ಷನ್ 22 ಪೊಲೀಸ್ ದಾಖಲೆಯ ಬಗ್ಗೆ, ಸೆಕ್ಷನ್ 24 ಕುಡಿತದ ಬಗ್ಗೆ. ಬಂದ ಉತ್ತರಗಳನ್ನು ತೂಗಲು 13 ಮಾರ್ಗಸೂಚಿಗಳಿವೆ. ಈಗ ನಡೆಯುತ್ತಿರುವ ರೂಪ 2017ರ ಜೂನ್‌ನಿಂದ ಜಾರಿಯಲ್ಲಿದೆ. ಅವುಗಳಿಗೆ ಅಕ್ಷರದ ಹೆಸರು. ಕುಡಿತಕ್ಕೆ 'ಜಿ', ಅಪರಾಧ ನಡತೆಗೆ 'ಜೆ', ಸ್ವಂತ ನಡತೆಗೆ 'ಇ'. ಸುಳ್ಳು ಹೇಳುವುದು, ಮುಚ್ಚಿಡುವುದು ಈ 'ಇ' ಒಳಗೆ ಬರುತ್ತದೆ. ಈ ಅಕ್ಷರ ನೆನಪಿಡಿ. ಮತ್ತೆ ಮತ್ತೆ ಬರುತ್ತದೆ.

ಕುಡಿಯುವವರ ಮೇಲೆ ಸರ್ಕಾರಕ್ಕೆ ಯಾಕೆ ಕಣ್ಣು? ಕುಡಿಯುವುದು ತಪ್ಪು ಎಂದಲ್ಲ. ಸಂಜೆ ಒಂದು ಗ್ಲಾಸ್ ವೈನ್ ತಗೊಂಡರೆ ಯಾರೂ ಕೇಳುವುದಿಲ್ಲ. ಕುಡಿದಾಗ ಬುದ್ಧಿ ಸ್ಥಿಮಿತದಲ್ಲಿ ಇರುತ್ತದಾ, ಕೈಗೆ ಕೊಟ್ಟ ಗುಟ್ಟು ಭದ್ರವಾಗಿರುತ್ತದಾ ಎಂಬುದು ಅವರ ಪ್ರಶ್ನೆ. ಇದು ಸುಮ್ನೆ ಹುಟ್ಟಿದ ಭಯ ಅಲ್ಲ. ಸಿಐಎಯಲ್ಲಿ ಆಲ್ಡ್ರಿಚ್ ಏಮ್ಸ್ ಎಂಬ ಅಧಿಕಾರಿ ಇದ್ದ. 1985ರಿಂದ ಸೋವಿಯತ್ ಒಕ್ಕೂಟಕ್ಕೆ ಗುಟ್ಟುಗಳನ್ನು ಮಾರಿದ. ಸಿಕ್ಕಿಬಿದ್ದದ್ದು 1994ರಲ್ಲಿ. ಅಮೆರಿಕಕ್ಕಾಗಿ ಒಳಗಿನಿಂದ ಕೆಲಸ ಮಾಡುತ್ತಿದ್ದ ಎಷ್ಟೋ ಜನ ಅವನಿಂದ ಪ್ರಾಣ ಕಳೆದುಕೊಂಡರು. ಅವನು ವಿಪರೀತ ಕುಡಿಯುತ್ತಾನೆ ಎಂಬುದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಸೆನೆಟ್ ಸಮಿತಿ ವಿಚಾರಣೆ ಮಾಡಿದಾಗ ಕಂಡದ್ದು ಇದೇ. ಎಲ್ಲರೂ ನೋಡಿದ್ದರು, ಯಾರೂ ಅದನ್ನು ಗಂಭೀರವಾಗಿ ತಗೊಳ್ಳಲಿಲ್ಲ. ಕುಡಿಯುವವರೆಲ್ಲ ಗೂಢಚಾರರಾಗುತ್ತಾರೆ ಎಂದು ದಯವಿಟ್ಟು ಅರ್ಥ ಮಾಡಿಕೊಳ್ಳಬೇಡಿ. ಅಧಿಕಾರಿಗಳ ಮನಸ್ಸಿನಲ್ಲಿ ಯಾವ ನೆನಪು ಕೂತಿದೆ ಎಂದು ಹೇಳಿದೆ, ಅಷ್ಟೇ.

ಈಗ 'ಜಿ' ಒಳಗೆ ಏನಿದೆ ನೋಡೋಣ. ಕುಡಿದು ಗಾಡಿ ಓಡಿಸಿದ ಕೇಸು, ಜಗಳ, ಹೆಂಡತಿ ಮಕ್ಕಳ ಮೇಲೆ ಕೈ ಮಾಡಿದ್ದು, ಕುಡಿದು ಕೆಲಸಕ್ಕೆ ಬಂದದ್ದು. ಡಾಕ್ಟರು ಅಥವಾ ಮನೋತಜ್ಞರು ಇದು ಕುಡಿತದ ಕಾಯಿಲೆ ಎಂದು ಗುರುತಿಸಿದ್ದು. ಚಿಕಿತ್ಸೆಯ ಸಲಹೆ ಕೊಟ್ಟ ಮೇಲೂ ಪಾಲಿಸದೇ ಇದ್ದದ್ದು. ಇದರ ಜೊತೆಗೆ ಒಂದೇ ಸಲಕ್ಕೆ ಬುದ್ಧಿ ಮಂಕಾಗುವಷ್ಟು ಕುಡಿಯುವುದೂ ಇದೆ. ಸುಮಾರು ಎರಡು ಗಂಟೆಯೊಳಗೆ ಗಂಡಸರಿಗೆ ಐದು ಡ್ರಿಂಕ್, ಹೆಂಗಸರಿಗೆ ನಾಲ್ಕು, ಇದು ಇಲ್ಲಿನ ವೈದ್ಯರ ಲೆಕ್ಕ.

ಈ ಲೆಕ್ಕದಲ್ಲಿ ನಮ್ಮವರು ಎಡವುತ್ತಾರೆ. ಅಮೆರಿಕದ ಒಂದು ಡ್ರಿಂಕ್ ಎಂದರೆ ವಿಸ್ಕಿ ಸುಮಾರು 44 ಮಿಲಿ. ನಮ್ಮ ಲಾರ್ಜ್ ಪೆಗ್ 60 ಮಿಲಿ. 'ನಾಲ್ಕೇ ಪೆಗ್ ಹಾಕಿದ್ದು' ಎನ್ನುವವರು ಇವರ ಲೆಕ್ಕದಲ್ಲಿ ಐದೂವರೆ ಡ್ರಿಂಕ್ ಹತ್ತಿರ ಹೋಗಿರುತ್ತಾರೆ. ಮನೆಯಲ್ಲಿ ಅಳತೆ ಇಲ್ಲದೆ ಬಗ್ಗಿಸಿಕೊಂಡರಂತೂ ಕೇಳುವುದೇ ಬೇಡ. 'ಏನೋ ಸ್ವಲ್ಪ ತಗೊಳ್ತಾರೆ' ಎಂಬ ನಮ್ಮ ಮನೆಗಳ ಮಾತಿನ ಒಳಗೆ ಎಷ್ಟು ಇರುತ್ತದೆ ಎಂದು ಒಮ್ಮೆ ಅಳೆದು ನೋಡಿ.

ಅಪರಾಧದ ಕಡೆಗೆ ಬರೋಣ. 'ಜೆ' ಮಾರ್ಗಸೂಚಿಯಲ್ಲಿ ಒಂದು ಮಾತಿದೆ. ಅದು ತುಂಬ ಜನರಿಗೆ ಗೊತ್ತಿಲ್ಲ. ಶಿಕ್ಷೆ ಆಗಿರಬೇಕು ಎಂದೇನೂ ಇಲ್ಲ. ಕೇಸು ಬಿದ್ದುಹೋಗಿರಲಿ, ಚಾರ್ಜೇ ಹಾಕದಿರಲಿ, ನಡೆದದ್ದಕ್ಕೆ ನಂಬುವಂಥ ಸಾಕ್ಷಿ ಇದ್ದರೆ ಅದನ್ನು ತೂಗುತ್ತಾರೆ. ಚಿಕ್ಕ ಚಿಕ್ಕ ತಪ್ಪುಗಳು ಸಾಲಾಗಿ ಬಂದರೂ ಲೆಕ್ಕಕ್ಕೆ ಬರುತ್ತವೆ. ಪ್ರೊಬೇಷನ್, ಅಂದರೆ ಜೈಲಿನ ಬದಲು ಕೋರ್ಟಿನ ನಿಗಾದಲ್ಲಿರುವ ಅವಧಿ, ಇನ್ನೂ ನಡೆಯುತ್ತಿದ್ದರೆ ಅದೂ ತೊಡಕು.

ಹಾಗೆಂದು ಯಾವುದೋ ಒಂದು ಕೇಸು ಇದ್ದಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ. ಒಂದು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಜೈಲಿನಲ್ಲಿ ಕಳೆದವರಿಗೆ ಅತಿ ಗುಟ್ಟಿನ ವಿಶೇಷ ಮಾಹಿತಿ ಕೊಡಬಾರದು ಎಂಬ ಕಾನೂನು 2008ರಲ್ಲಿ ಬಂತು. ಬಾಂಡ್ ತಿದ್ದುಪಡಿ ಎನ್ನುತ್ತಾರೆ. ಅದರಲ್ಲೂ ವಿನಾಯಿತಿ ಕೊಡಲು ದಾರಿ ಇದೆ. ಉಳಿದ ಎಲ್ಲದರಲ್ಲೂ ಇಡೀ ಮನುಷ್ಯನನ್ನು ನೋಡಿ ತೂಗುತ್ತಾರೆ. ಆಗ ವಯಸ್ಸೆಷ್ಟು, ಏನಾಗಿತ್ತು, ಆಮೇಲೆ ಹೇಗೆ ಬದುಕಿದ, ಮತ್ತೆ ಆಗುವ ಸಾಧ್ಯತೆ ಎಷ್ಟು. ಕ್ರಿಮಿನಲ್ ಕೋರ್ಟಿನಲ್ಲಿ ಅನುಮಾನದ ಲಾಭ ಆರೋಪಿಗೆ. ಇಲ್ಲಿ ಅದು ದೇಶದ ಕಡೆಗೆ. ಈ ಒಂದು ವ್ಯತ್ಯಾಸ ಗೊತ್ತಿಲ್ಲದ ಲಾಯರುಗಳನ್ನೂ ನೋಡಿದ್ದೇನೆ.

ಒಬ್ಬ ಹುಡುಗನನ್ನು ಕಲ್ಪಿಸಿಕೊಳ್ಳಿ. ಇಪ್ಪತ್ತಾರು ವಯಸ್ಸು. ಕಾಲೇಜಿನ ಕೊನೆಯ ವರ್ಷ ಮೇರಿಲ್ಯಾಂಡ್‌ನಲ್ಲಿ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದ. ಲಾಯರ್ ಓಡಾಡಿ ಪಿಬಿಜೆ ಕೊಡಿಸಿದ. ಅಂದರೆ ತೀರ್ಪಿಗೆ ಮೊದಲೇ ಪ್ರೊಬೇಷನ್. ಮೇರಿಲ್ಯಾಂಡ್ ಕಾನೂನಿನಲ್ಲಿ ಅದು ಶಿಕ್ಷೆಯಾದ ಲೆಕ್ಕ ಅಲ್ಲ. 'ನಿನ್ನ ದಾಖಲೆಯಲ್ಲಿ ಏನೂ ಇಲ್ಲ' ಎಂದು ಲಾಯರ್ ಹೇಳಿದ. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದರು. ಅಪ್ಪ, 'ಈ ವಿಷಯ ಇಲ್ಲಿಗೇ ಮುಗೀತು, ಯಾರಿಗೂ ಹೇಳಬೇಡ' ಎಂದರು. ನಾಲ್ಕು ವರ್ಷದ ನಂತರ ಫಾರಂ ಬಂತು. ಹುಡುಗ 'ಇಲ್ಲ' ಎಂದು ಟಿಕ್ ಮಾಡಿದ.

ಅವನು ಮನೆಯವರ ಮಾತು ಕೇಳಿದ ಒಳ್ಳೆಯ ಮಗ. ಆದರೆ ಫಾರಂ ಕೇಳಿದ್ದು ಬೇರೆ. ಕುಡಿತ ಅಥವಾ ಡ್ರಗ್ಸ್‌ಗೆ ಸೇರಿದ ಚಾರ್ಜು ಯಾವತ್ತಾದರೂ ಬಿದ್ದಿದೆಯಾ ಎಂದು ಕೇಳುತ್ತದೆ. ಪೊಲೀಸ್ ದಾಖಲೆಯ ಬೇರೆ ಕೆಲವು ಪ್ರಶ್ನೆಗಳಿಗಿರುವ ಏಳು ವರ್ಷದ ಮಿತಿ ಈ ಪ್ರಶ್ನೆಗೆ ಇಲ್ಲ. ಕೇಸು ವಜಾ ಆಗಿದ್ದರೂ, ದಾಖಲೆ ಸೀಲ್ ಆಗಿದ್ದರೂ, ಅಳಿಸಿಹಾಕಿದ್ದರೂ ಬರೆಯಿರಿ ಎಂದು ಸ್ಪಷ್ಟವಾಗಿ ಅಚ್ಚಾಗಿದೆ. ಡ್ರಗ್ಸ್‌ನ ಒಂದು ಸಣ್ಣ ಬಗೆಯ ಕೇಂದ್ರ ಸರ್ಕಾರದ ಕೇಸಿಗೆ ಮಾತ್ರ ವಿನಾಯಿತಿ. ತನಿಖೆಯವರು ಬೆರಳಚ್ಚು ಹಾಕಿ ನೋಡಿದಾಗ ಆ ಬಂಧನ ಸಿಗುತ್ತದೆ. ಅಲ್ಲಿಯವರೆಗೆ ಅವನ ಮೇಲಿದ್ದದ್ದು 'ಜಿ' ಮತ್ತು 'ಜೆ'. ಒಂದೇ ಸಲ, ಚಿಕ್ಕ ವಯಸ್ಸು, ನಾಲ್ಕು ವರ್ಷ ಆಗಿದೆ, ಕೋರ್ಟು ಹೇಳಿದ ಕ್ಲಾಸು ಮುಗಿಸಿದ್ದಾನೆ. ದಾಟಿಹೋಗಬಹುದಾದ ಕೇಸು. ಈಗ 'ಇ' ಸೇರಿಕೊಂಡಿತು. ಆ ರಾತ್ರಿ ಕುಡಿದವನು ಇಪ್ಪತ್ತೆರಡರ ಹುಡುಗ. ಫಾರಂಗೆ ಸಹಿ ಹಾಕಿದವನು ಇಪ್ಪತ್ತಾರರ ಇಂಜಿನಿಯರ್. ಆ ಎರಡನೆಯವನನ್ನು ನಂಬುವುದು ಹೇಗೆ ಎಂದು ಕ್ಲಿಯರೆನ್ಸ್ ವಿಚಾರಣೆಯ ಜಡ್ಜ್ ಕೇಳಿದರೆ ಉತ್ತರ ಕಷ್ಟ. ಬೇಕೆಂದೇ ಸುಳ್ಳು ಬರೆಯುವುದು ಐದು ವರ್ಷದವರೆಗೆ ಜೈಲಿಗೆ ದಾರಿಯಾಗುವ ಅಪರಾಧವೂ ಹೌದು.

ತಪ್ಪಾಗಿ ಬರೆದು ಕಳಿಸಿಬಿಟ್ಟವರು ಇಲ್ಲಿ ಇರಬಹುದು. ಅವರಿಗೂ ದಾರಿ ಇದೆ. ಯಾರೋ ಬಂದು ಕೇಳುವ ಮೊದಲೇ ನೀವಾಗಿ ಹೋಗಿ ತಿದ್ದಿದರೆ ಅದು ನಿಮ್ಮ ಪರವಾಗಿ ನಿಲ್ಲುತ್ತದೆ. ತನಿಖೆಯವರು ಕಾಗದ ಮುಂದಿಟ್ಟು ಕೇಳಿದ ಮೇಲೆ 'ಹೌದು' ಎಂದರೆ ಅಷ್ಟು ತೂಕ ಸಿಗುವುದಿಲ್ಲ. ನಾಳೆಯೇ ನಿಮ್ಮ ಸೆಕ್ಯುರಿಟಿ ಆಫೀಸರ್ ಹತ್ತಿರ ಹೋಗಿ.

ಇನ್ನೆರಡು ಕಡೆ ನಮ್ಮವರು ಗೊತ್ತಿಲ್ಲದೇ ತಪ್ಪು ಮಾಡುತ್ತಾರೆ. ಒಂದು, ಈ ವರ್ಜೀನಿಯಾದಲ್ಲೇ. ಗಂಟೆಗೆ 85 ಮೈಲಿ ದಾಟಿದರೆ ಅದು ಬರೀ ಟ್ರಾಫಿಕ್ ಟಿಕೆಟ್ ಅಲ್ಲ, ರೆಕ್‌ಲೆಸ್ ಡ್ರೈವಿಂಗ್. ಇಲ್ಲಿನ ಕಾನೂನಿನಲ್ಲಿ ಕ್ರಿಮಿನಲ್ ಚಾರ್ಜು. 'ಸ್ಪೀಡಿಂಗ್ ತಾನೇ' ಎಂದು ಬಿಟ್ಟುಬಿಡುತ್ತಾರೆ. ಇನ್ನೊಂದು, ಊರಿಗೆ ಹೋದಾಗ ಆದದ್ದು. ಬೆಂಗಳೂರಿನಲ್ಲಿ ರಜೆಗೆ ಹೋಗಿ, ಸ್ನೇಹಿತನ ಬೈಕಿನಲ್ಲಿ ಬರುವಾಗ ಡ್ರಂಕ್ ಅಂಡ್ ಡ್ರೈವ್‌ನಲ್ಲಿ ಸಿಕ್ಕಿಬಿದ್ದು, ಕೋರ್ಟಿಗೆ ಹೋಗಿ ಹತ್ತು ಸಾವಿರ ಕಟ್ಟಿ ಬಂದಿರುತ್ತಾರೆ. 'ದಂಡ ಕಟ್ಟಿದೆ, ಮುಗೀತು' ಎನ್ನುತ್ತಾರೆ. ಅದು ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್. ಆರು ತಿಂಗಳವರೆಗೆ ಜೈಲು ಕೊಡಬಹುದಾದ ಅಪರಾಧ. ನೆನಪಿರಲಿ, ಅಲ್ಲಿನ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. ವರ್ಜೀನಿಯಾದ ಮಿತಿಯ ಅರ್ಧಕ್ಕಿಂತ ಕಮ್ಮಿ. ಇಲ್ಲಿ ಪಾಸಾಗುವವನು ಅಲ್ಲಿ ಸಿಕ್ಕಿಬೀಳಬಹುದು. ಹೊರದೇಶದಲ್ಲಿ ಆದದ್ದನ್ನೂ ಬರೆಯಿರಿ ಎಂದು ಫಾರಂ ಹೇಳುತ್ತದೆ.

ಈಗ ಹೇಳುವುದು ಸ್ವಲ್ಪ ಭಾರದ ಮಾತು. ಕುಡಿದ ರಾತ್ರಿ ಮನೆಯಲ್ಲಿ ಗಲಾಟೆ. ಪಕ್ಕದವರು 911ಗೆ ಫೋನ್ ಮಾಡುತ್ತಾರೆ. ವರ್ಜೀನಿಯಾದ ಕಾನೂನಿನ ಪ್ರಕಾರ, ಮನೆಯೊಳಗೆ ಹೊಡೆತ ಆಗಿದೆ ಎಂದು ನಂಬಲು ಕಾರಣ ಕಂಡರೆ, ಮುಖ್ಯವಾಗಿ ಕೈ ಮಾಡಿದವರನ್ನು ಪೊಲೀಸರು ಬಂಧಿಸಬೇಕು. ಬೆಳಗಾದರೆ ಹೆಂಡತಿ ಅಳುತ್ತಾ, 'ಕೇಸು ವಾಪಸ್ ತಗೊಳ್ತೀನಿ' ಎನ್ನುತ್ತಾಳೆ. ಕೇಸು ಅವಳದ್ದಲ್ಲ, ಸರ್ಕಾರದ್ದು. ಆಮೇಲೆ ಇಬ್ಬರ ಮನೆಯವರೂ ಫೋನಿನಲ್ಲಿ ಕೂತು ಅವಳ ಬಾಯಿ ಮುಚ್ಚಿಸುತ್ತಾರೆ. ಗಂಡನ ಕ್ಲಿಯರೆನ್ಸ್ ಹೋಗುತ್ತೆ, ಸಂಸಾರ ಬೀದಿಗೆ ಬರುತ್ತೆ ಎಂದು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಹೆಣ್ಣುಮಗಳ ಮುಖ ಇನ್ನೂ ಮರೆತಿಲ್ಲ. ಕ್ಲಿಯರೆನ್ಸ್ ಉಳಿಸಲು ಏಟು ತಿಂದವಳನ್ನು ಸುಮ್ಮನಾಗಿಸುವುದು ಅನ್ಯಾಯ. ಅದರಿಂದ ಕ್ಲಿಯರೆನ್ಸ್ ಉಳಿಯುವುದೂ ಇಲ್ಲ. ಬಂಧನ ದಾಖಲೆಯಲ್ಲಿ ಇರುತ್ತದೆ. ಉಳಿಸಬಹುದಾದದ್ದು ಒಂದೇ. ಅವನು ಕುಡಿತಕ್ಕೂ ಕೈ ಮಾಡುವ ಚಾಳಿಗೂ ಚಿಕಿತ್ಸೆ ತಗೊಂಡು, ಬದಲಾಗಿದ್ದೇನೆ ಎಂದು ವರ್ಷಗಟ್ಟಲೆ ನಡೆದು ತೋರಿಸುವುದು.

ಮೊದಲೆಲ್ಲ ಒಮ್ಮೆ ಕ್ಲಿಯರೆನ್ಸ್ ಸಿಕ್ಕರೆ ವರ್ಷಾನುಗಟ್ಟಲೆ ಯಾರೂ ಮತ್ತೆ ನೋಡುತ್ತಿರಲಿಲ್ಲ. 2013ರ ಸೆಪ್ಟೆಂಬರ್ 16ರಂದು ಅದರ ಬೆಲೆ ಗೊತ್ತಾಯಿತು. ವಾಷಿಂಗ್ಟನ್ ನೇವಿ ಯಾರ್ಡ್‌ನಲ್ಲಿ ಏರನ್ ಅಲೆಕ್ಸಿಸ್ ಎಂಬ ಗುತ್ತಿಗೆ ನೌಕರ 12 ಜನರನ್ನು ಗುಂಡಿಟ್ಟು ಕೊಂದ. ಅವನಿಗೆ 2008ರಲ್ಲಿ ಸೀಕ್ರೆಟ್ ಕ್ಲಿಯರೆನ್ಸ್ ಸಿಕ್ಕಿತ್ತು. 2004ರಲ್ಲಿ ಸಿಯಾಟಲ್‌ನಲ್ಲಿ ಒಬ್ಬರ ಕಾರಿನ ಟೈರಿಗೆ ಗುಂಡು ಹೊಡೆದು ಬಂಧನಕ್ಕೆ ಒಳಗಾಗಿದ್ದ. ಫಾರಂನಲ್ಲಿ ಬರೆದಿರಲಿಲ್ಲ. ತನಿಖೆಯ ವರದಿಯಲ್ಲಿ ಟೈರಿನ ಗಾಳಿ ತೆಗೆದ ಎಂದಷ್ಟೇ ಇತ್ತು. ಬಂದೂಕಿನ ಮಾತೇ ಇರಲಿಲ್ಲ. ಈಗ ದಾಖಲೆಗಳನ್ನು ಕಂಪ್ಯೂಟರ್ ಸದಾ ನೋಡುತ್ತಿರುತ್ತದೆ. ಶನಿವಾರ ರಾತ್ರಿ ಬಂಧನವಾದರೆ ನೀವು ಹೇಳುವ ಮೊದಲೇ ಅವರಿಗೆ ತಿಳಿಯಬಹುದು. ಕ್ಲಿಯರೆನ್ಸ್ ಇರುವವರು ಬಂಧನವನ್ನೂ ಕುಡಿತದ ಚಿಕಿತ್ಸೆಯನ್ನೂ ತಾವಾಗಿಯೇ ತಿಳಿಸಬೇಕು ಎಂಬ ನಿಯಮವೂ 2017ರಿಂದ ಇದೆ.

ಚಿಕಿತ್ಸೆಯನ್ನೂ ತಿಳಿಸಬೇಕು ಎಂದಾಗ ಈ ಸಭೆಯಲ್ಲಿ ಕೆಲವರ ಮುಖ ಬದಲಾಯಿತು. ಅದಕ್ಕೇ ನಾನು ಇಲ್ಲಿಗೆ ಬಂದದ್ದು. ಚಿಕಿತ್ಸೆಗೆ ಹೋದರೆ ಕ್ಲಿಯರೆನ್ಸ್ ಹೋಗುತ್ತೆ ಎಂದು ನಮ್ಮವರು ನಂಬಿದ್ದಾರೆ. ಆ ಭಯಕ್ಕೆ ವರ್ಷಗಟ್ಟಲೆ ಡಾಕ್ಟರ ಹತ್ತಿರ ಹೋಗದೆ, ಗ್ಯಾರೇಜಿನಲ್ಲಿ ಬಾಟಲಿ ಬಚ್ಚಿಟ್ಟುಕೊಂಡು ಕೂರುತ್ತಾರೆ. ಮಾರ್ಗಸೂಚಿ ಹೇಳುವುದು ಇದರ ಉಲ್ಟಾ. ತನಗೆ ತೊಂದರೆ ಇದೆ ಎಂದು ಒಪ್ಪಿಕೊಂಡದ್ದು, ಕೌನ್ಸೆಲಿಂಗ್‌ಗೆ ಹೋಗಿ ಸುಧಾರಿಸುತ್ತಿರುವುದು, ಚಿಕಿತ್ಸೆ ಮುಗಿಸಿ ಆಮೇಲಿನ ಆರೈಕೆಯನ್ನೂ ಬಿಡದೆ ನಡೆಸಿದ್ದು, ಇವೆಲ್ಲ ಅರ್ಜಿದಾರನ ಪರವಾಗಿ ತೂಗುವ ಅಂಶಗಳು ಎಂದು ಅದರಲ್ಲೇ ಬರೆದಿದೆ. ಗುತ್ತಿಗೆ ನೌಕರರ ಕ್ಲಿಯರೆನ್ಸ್ ವಿಚಾರಣೆ ಮಾಡುವ ಕಚೇರಿ ಆರ್ಲಿಂಗ್ಟನ್‌ನಲ್ಲಿದೆ. ಅಲ್ಲಿನ ತೀರ್ಪುಗಳು ಹೆಸರಿಲ್ಲದೆ ಪ್ರಕಟವಾಗುತ್ತವೆ. ಯಾರು ಬೇಕಾದರೂ ಓದಬಹುದು. ನಾನು ತುಂಬ ಓದಿದ್ದೇನೆ. ಎರಡು ಮೂರು ಡಿಯುಐ, ಅಂದರೆ ಕುಡಿದು ಗಾಡಿ ಓಡಿಸಿದ ಕೇಸು, ಇದ್ದವರೂ ಗೆದ್ದಿದ್ದಾರೆ. ಕುಡಿತ ಬಿಟ್ಟ ತಾರೀಕು ಅವರಿಗೆ ನೆನಪಿರುತ್ತದೆ. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಸಭೆಯ ಹಿರಿಯರು ಬಂದು ಸಾಕ್ಷಿ ಹೇಳಿರುತ್ತಾರೆ. ಕೆಲವರು ಪೆತ್ ಟೆಸ್ಟ್ ಮಾಡಿಸಿ ತಂದಿರುತ್ತಾರೆ. ಅದು ಹಿಂದಿನ ಎರಡರಿಂದ ನಾಲ್ಕು ವಾರದ ಕುಡಿತ ತೋರಿಸುವ ರಕ್ತ ಪರೀಕ್ಷೆ.

ಸೋತವರೂ ಇದ್ದಾರೆ. ಪೂರ್ತಿ ಬಿಡಿ ಎಂದು ಡಾಕ್ಟರು ಹೇಳಿದ ಮೇಲೂ 'ವೀಕೆಂಡ್‌ನಲ್ಲಿ ಎರಡು ಬಿಯರ್ ಅಷ್ಟೇ' ಎಂದವರು. ವಿಚಾರಣೆ ಹತ್ತಿರ ಬಂದಾಗ ಎರಡು ತಿಂಗಳ ಹಿಂದಷ್ಟೇ ಬಿಟ್ಟವರು. ಎಷ್ಟು ವರ್ಷ ಆಗಿರಬೇಕು ಎಂದು ಎಲ್ಲೂ ಬರೆದಿಲ್ಲ. ಹಾಗಾಗಿ ಬೇಗ ಶುರು ಮಾಡಿದವರಿಗೆ ಅಷ್ಟು ಒಳ್ಳೆಯದು.

ನಾಲ್ಕು ಜನ ಏನಂದಾರು ಎಂದು ಹೆದರಿ ಬೆಳೆದವರು ನಾವು. ಮನೆಯ ಮಾತು ಹೊಸ್ತಿಲು ದಾಟಬಾರದು ಎಂದು ಅಜ್ಜಿಯರು ಹೇಳಿಕೊಟ್ಟರು. ನನ್ನ ಸೋದರಮಾವ ಕುಡಿದು ಕುಡಿದು ನಲವತ್ತೆಂಟಕ್ಕೆ ಹೋದರು. ಮನೆಯಲ್ಲಿ ಇವತ್ತಿಗೂ 'ಹಾರ್ಟ್ ಪ್ರಾಬ್ಲಂ' ಎಂದೇ ಹೇಳುತ್ತಾರೆ. ಅತ್ತೆ ಯಾರ ಹತ್ತಿರವೂ ಸಹಾಯ ಕೇಳಲಿಲ್ಲ. ಕೇಳಬಹುದು ಎಂದು ಅವರಿಗೆ ಯಾರೂ ಹೇಳಲೂ ಇಲ್ಲ.

ಮಾತು ಮುಗಿದ ಮೇಲೆ ಕಾಫಿ ಕೊಡುತ್ತಿದ್ದ ಕಡೆ ಒಬ್ಬ ತಾಯಿ ಬಂದರು. ಧ್ವನಿ ತಗ್ಗಿಸಿ ಕೇಳಿದರು: "ನಮ್ಮ ಹುಡುಗ ಆರು ತಿಂಗಳಿಂದ ಕೌನ್ಸೆಲಿಂಗ್‌ಗೆ ಹೋಗ್ತಿದ್ದಾನೆ. ಈಗ ಕೆಲಸದ ಆಫರ್ ಬಂದಿದೆ, ಫಾರಂ ತುಂಬಬೇಕಂತೆ. ಅದು ಮುಗಿಯೋವರೆಗೂ ನಿಲ್ಲಿಸು ಅಂತ ಹೇಳಲಾ?"

ಬೇಡಮ್ಮ ಎಂದೆ. ತಾನಾಗಿ ಕೌನ್ಸೆಲಿಂಗ್‌ಗೆ ಹೋಗಿದ್ದೀಯಾ ಎಂದು ಸೆಕ್ಷನ್ 24 ನೇರವಾಗಿ ಕೇಳುತ್ತದೆ. ಅವನು ಹೌದು ಎಂದು ಬರೆಯಲಿ. ಮಧ್ಯದಲ್ಲಿ ಬಿಟ್ಟರೆ 'ಸಲಹೆ ಪಾಲಿಸಲಿಲ್ಲ' ಎಂಬ ಸಾಲು ಅವನ ಮೇಲೆ ಬೀಳಬಹುದು. ಹೋಗುತ್ತಿರುವುದೇ ಅವನ ಬಲ. ಪ್ರತಿ ಸಲ ಹೋದ ತಾರೀಕು ಒಂದು ಪುಸ್ತಕದಲ್ಲಿ ಬರೆದಿಡಲಿ, ಕೌನ್ಸೆಲರ್ ಹತ್ತಿರ ಒಂದು ಪತ್ರ ಕೇಳಿಟ್ಟುಕೊಳ್ಳಲಿ ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ, "ಅವನನ್ನ ಗುರುವಾರ ನಾನೇ ಕಾರಲ್ಲಿ ಬಿಟ್ಟು ಬರ್ತೀನಿ. ಇವರಿಗೆ ಗೊತ್ತಿಲ್ಲ" ಎಂದರು. ಅವರ ಯಜಮಾನರು ಅಲ್ಲೇ ಹತ್ತು ಹೆಜ್ಜೆ ದೂರದಲ್ಲಿ ಯಾರದ್ದೋ ಜೊತೆ ಮಾತಾಡುತ್ತಾ ನಿಂತಿದ್ದರು.